ಮೂಡಲ ಗೋಡೆ

ಅಪ್ಪ ಸತ್ತ ವರ್ಷವೇ ಚಿಕ್ಕಪ್ಪ ನಮ್ಮ ಅಡುಗೆಮನೆಯ ಕಿಟಕಿಗೆ ಅಡ್ಡವಾಗಿ ಕೊಟ್ಟಿಗೆ ಕಟ್ಟಿದ. ಕಿರುಗಾವಲಿನ ಹತ್ತಿರದ ನಮ್ಮೂರಿನಲ್ಲಿ ನಮ್ಮ ಮನೆಗೂ ಮೂಡಲಿಗಿದ್ದ ಅವನ ಮನೆಗೂ ನಡುವೆ ಒಂದಿಷ್ಟು ಖಾಲಿ ಜಾಗವಿತ್ತು. ಅದು ತನ್ನ ಪಾಲಿನದು ಎಂದು ನಮ್ಮ ಕಿಟಕಿಯ ಸರಳಿಗೆ ತಾಗುವಂತೆ ಮಣ್ಣಿನ ಗೋಡೆ ಎಬ್ಬಿಸಿದ. ಹೊಗೆ ಹೋಗಲು ದಾರಿ ಬಿಡಪ್ಪ ಎಂದು ಅವ್ವ ಬೇಡಿಕೊಂಡಾಗ, "ಗಂಡ್ಸಿಲ್ದ ಮನೆಗೆ ಕಿಟ್ಕಿ ಯಾಕೆ? ಯಾರ್ ಇಣುಕ್ಲಿ ಅಂತ?" ಎಂದ.

ನನಗಾಗ ಹನ್ನೊಂದು ವರ್ಷ. ಮಾತಿನ ಅರ್ಥ ತಿಳಿಯಲಿಲ್ಲ. ತಿಳಿದ ಮೇಲೆ ಮರೆಯಲಾಗಲಿಲ್ಲ. ಅವ್ವ ಆ ಹೊಗೆಯಲ್ಲೇ ವರ್ಷಗಟ್ಟಲೆ ಮುದ್ದೆ ತಿರುವಿದಳು. ಸದಾ ನೀರು ಸೋರುತ್ತಿದ್ದ ಅವಳ ಕಣ್ಣು ಕೊನೆಗೆ ಮಬ್ಬಾಯಿತು.

ನಾನು ಓದಿ ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆದೆ. ಮನೆ ಕಟ್ಟಿಸುವ ಕಾಲ ಬಂದಾಗ, ಮಂಡ್ಯದಲ್ಲಿ ಒಂದು ಸೈಟು ತಗೊಳ್ಳಿ, ದಿನಾ ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸುವ ಪಾಡು ಯಾಕೆ ಎಂದು ಎಲ್ಲರೂ ಹೇಳಿದರು. ನನಗೆ ಬೇಕಿದ್ದದ್ದು ಊರಿನ ಹಳೇ ಮನೆಯ ಜಾಗವೇ. ಚಿಕ್ಕಪ್ಪನ ಕೊಟ್ಟಿಗೆ ಎಂದೋ ಮಳೆಗೆ ಕುಸಿದು ಅವನ ಅಂಗಳವಾಗಿತ್ತು. ಆದರೆ ಚಿಕ್ಕಪ್ಪ ಇದ್ದ.

ಮಂಡ್ಯದಿಂದ ಬಂದ ಆರ್ಕಿಟೆಕ್ಟ್ ನನ್ನ ವಯಸ್ಸಿನ ಹೆಂಗಸು. ಟೇಪು ಹಿಡಿದು ಜಾಗವನ್ನೆಲ್ಲ ಅಳೆದ ಮೇಲೆ ನನ್ನನ್ನು ಬಿಟ್ಟು ಅವ್ವನ ಪಕ್ಕ ಕುಳಿತು, "ಬೆಳಿಗ್ಗೆ ಎದ್ದು ಎಲ್ಲಿ ಕೂತ್ಕೋಬೇಕು ಅನ್ಸುತ್ತಮ್ಮ ನಿಮಗೆ?" ಎಂದು ಕೇಳಿದಳು.

"ಎಳ್ಬಿಸ್ಲು ಬೀಳೋ ಕಡೆ ಒಂದ್ ಜಗ್ಲಿ ಇದ್ರೆ ಸಾಕು ಕಣವ್ವ," ಎಂದಳು ಅವ್ವ.

ಹದಿನೈದು ದಿನಕ್ಕೆ ಪ್ಲಾನು ಬಂತು. ಮೂಡಲಿಗೆ ಅಗಲವಾದ ಕಿಟಕಿಗಳು, ಅವುಗಳ ಕೆಳಗೆ ಜಗಲಿ. ನಾನು ಪೇಪರು ತಿದ್ದುವ ಕೆಂಪು ಪೆನ್ನಿನಿಂದ ಅಷ್ಟನ್ನೂ ಹೊಡೆದುಹಾಕಿದೆ. "ಈ ಕಡೆ ಒಂದು ತೂತೂ ಇರಬಾರದು. ಎರಡು ಅಂತಸ್ತಿನ ಎತ್ತರಕ್ಕೂ ಬರೀ ಗೋಡೆ. ತಾರಸಿ ನೀರಿನ ಪೈಪನ್ನೂ ಆ ಕಡೆಗೇ ಬಿಡಿ."

ಅವಳು ಪೆನ್ಸಿಲು ಕೆಳಗಿಟ್ಟಳು. "ಮೇಡಂ, ಪೂರ್ವದ ಬೆಳಕು ಮುಚ್ಚಿದ್ರೆ ಅಡುಗೆಮನೆ ಕತ್ತಲಾಗುತ್ತೆ."

"ಆಗಲಿ."

"ಗೋಡೆ ನಿಮ್ಮದು, ಎಬ್ಬಿಸ್ತೀನಿ. ಇನ್ನೊಬ್ಬರ ಅಂಗಳಕ್ಕೆ ನೀರು ಬಿಡೋ ಪ್ಲಾನಿಗೆ ಮಾತ್ರ ನಾನು ಸೈನ್ ಹಾಕಲ್ಲ." ಪ್ಲಾನು ಸುತ್ತಿಕೊಳ್ಳುತ್ತಾ ಕೇಳಿದಳು: "ಆ ಕಡೆ ಯಾರಿದಾರೆ?"

"ಯಾರೂ ಇಲ್ಲ," ಎಂದೆ.

ಆ ಗೋಡೆ ಏಳುವಾಗ ಶಾಲೆಗೆ ರಜೆ ಹಾಕಿ ಎದುರಿಗೇ ನಿಂತಿದ್ದೆ. ಇಟ್ಟಿಗೆಯ ಸಾಲು ಆಳೆತ್ತರ ದಾಟಿದಾಗ ಚಿಕ್ಕಪ್ಪ ಟವೆಲ್ ಕೊಡವುತ್ತಾ ಬಂದ. "ಏನವ್ವ, ಜೈಲ್ ಕಟ್ಟುಸ್ತಿದ್ದೀಯಾ? ಒಂದ್ ಕಿಟ್ಕಿನೂ ಇಲ್ವಲ್ಲ?"

"ಗಂಡಸಿಲ್ಲದ ಮನೆ ಚಿಕ್ಕಪ್ಪ. ಕಿಟಕಿ ಯಾಕೆ? ಯಾರು ಇಣುಕಲಿ ಅಂತ?"

ಅವನು ಟವೆಲ್ ಹೆಗಲಿಗೆ ಹಾಕಿಕೊಂಡ. ನೆಲ ನೋಡುತ್ತಾ ಹೊರಟುಹೋದ. ಮೂವತ್ತು ವರ್ಷ ಆ ಗಳಿಗೆಗಾಗಿ ಕಾದಿದ್ದೆ. ಸುಳ್ಳು ಯಾಕೆ ಹೇಳಲಿ, ಬಹಳ ರುಚಿಯಾಗಿತ್ತು. ಆ ದಿನ ಗಾರೆ ಕೆಲಸದವರಿಗೆಲ್ಲ ಮಳವಳ್ಳಿಯಿಂದ ಮೈಸೂರು ಪಾಕು ತರಿಸಿದೆ. ಗೃಹಪ್ರವೇಶಕ್ಕೆ ಇಡೀ ಊರನ್ನು ಕರೆದೆ, ಅವನ ಮನೆಯ ಮುಂದೆ ಹಾದುಹೋಗುವಾಗ ಮುಖ ತಿರುಗಿಸಿದೆ.

ಒಕ್ಕಲಾದ ವಾರಕ್ಕೇ ತೊಂದರೆ ಶುರುವಾಯಿತು. ಅಡುಗೆಮನೆಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೂ ಲೈಟು ಬೇಕು. ಕರೆಂಟು ಹೋದರೆ ಅವ್ವ ಉಪ್ಪಿನ ಡಬ್ಬಿಗೆ ತಡಕಾಡುತ್ತಿದ್ದಳು. ಒಂದು ದಿನ ಬಿಸಿ ಪಾತ್ರೆ ಮುಟ್ಟಿ ಕೈ ಸುಟ್ಟುಕೊಂಡಳು. ನಾನು ಮುಲಾಮು ಹಚ್ಚುತ್ತಿದ್ದಾಗ ಮೆಲ್ಲಗೆ ಕೇಳಿದಳು: "ಅವ್ನ ಮ್ಯಾಗಿನ್ ಸಿಟ್ಗೆ ನನ್ಯಾಕವ್ವ ಕತ್ಲೇಲ್ ಕೂರಿಸ್ದೆ?"

ನಾನು ಮುಲಾಮಿನ ಮುಚ್ಚಳ ತಿರುಗಿಸಿದೆ.

ಶಿವರಾತ್ರಿ ಕಳೆದು ಬಿಸಿಲೇರಿತು. ಒಂದು ಭಾನುವಾರ ಮಧ್ಯಾಹ್ನ ಗೋಡೆಯಾಚೆ ಜನ ನಗುವುದು ಕೇಳಿ ತಾರಸಿ ಹತ್ತಿ ಬಗ್ಗಿ ನೋಡಿದೆ. ನನ್ನ ಗೋಡೆಯ ನೆರಳು ಚಿಕ್ಕಪ್ಪನ ಅಂಗಳದ ತುಂಬ ಬಿದ್ದಿತ್ತು. ಅದರಲ್ಲಿ ಮಂಚ ಹಾಕಿಕೊಂಡು ಅವನು ಕಾಲು ಚಾಚಿದ್ದ. ಸುತ್ತ ನಾಲ್ಕೈದು ಜನ ಚೌಕಾಬಾರ ಆಡುತ್ತಿದ್ದರು. ತಲೆಯೆತ್ತಿ ನನ್ನನ್ನು ಕಂಡವನೇ ಕೂಗಿದ: "ಒಳ್ಳೆ ನೆಳ್ಳು ಮಾಡ್ಕೊಟ್ಟೆ ಕಣವ್ವ! ಪಡ್ವಲ್ ಬಿಸ್ಲು ಸಾಯಿಸ್ಬುಡ್ತಿತ್ತು. ನನ್ ಸ್ವಂತ ಐಕ್ಳೇ ಇಂಗ್ ಮಾಡ್ನಿಲ್ಲ!"

ವರ್ಷವರ್ಷವೂ ಮಕ್ಕಳಿಗೆ ನೆರಳಿನ ಪಾಠ ಮಾಡುವವಳು ನಾನು. ಸೂರ್ಯ ಪಡುವಲಿಗೆ ಇಳಿದರೆ ನೆರಳು ಯಾವ ಕಡೆ ಬೀಳುತ್ತದೆಂದು ಒಂದು ಸಲವೂ ಯೋಚಿಸಿರಲಿಲ್ಲ. ನೆರಳು ಅವನಿಗೆ, ಕತ್ತಲೆ ಅವ್ವನಿಗೆ. ಅಲ್ಲೇ ನಿಂತು ಆರ್ಕಿಟೆಕ್ಟಿಗೆ ಫೋನು ಮಾಡಿದೆ.

ಅವಳು ಬಂದು ಅಡುಗೆಮನೆಯಲ್ಲಿ ನಿಂತು ಸುತ್ತ ನೋಡಿದಳು. "ಗೋಡೆ ಒಡೆದು ಕಿಟಕಿ ಇಡೋಣವಾ?"

"ಬೇಡ. ಒಡೆದರೆ ಅವನು ಗೆದ್ದ ಹಾಗೆ."

"ಯಾರೂ ಇಲ್ಲ ಅಂದಿದ್ರಿ," ಎಂದು ನಕ್ಕಳು. ನಾನು ನಗಲಿಲ್ಲ. ಅವಳು ತಲೆಯ ಮೇಲಿನ ಸೂರು ತೋರಿಸಿದಳು. ಅಡುಗೆಮನೆಯ ಮೇಲೆ ಆ ಗೋಡೆಯಷ್ಟೇ ಎದ್ದಿತ್ತು, ಕೋಣೆ ಇರಲಿಲ್ಲ, ಬರೀ ತಾರಸಿ. ಅದನ್ನು ಕೊರೆದು ಗಾಜು ಕೂರಿಸಿದಳು. ಈಗ ಒಲೆಯ ಪಕ್ಕದ ನೆಲಕ್ಕೆ ಚೌಕವಾಗಿ ಬಿಸಿಲು ಬೀಳುತ್ತದೆ. ಅವ್ವ ಮಣೆ ಹಾಕಿಕೊಂಡು ಅದು ಸರಿದಂತೆಲ್ಲ ತಾನೂ ಸರಿಯುತ್ತಾಳೆ.

ಗೋಡೆ ಹಾಗೇ ಇದೆ. ಮಳೆಗಾಲ ಮುಗಿಯುತ್ತಲೇ ಚಿಕ್ಕಮ್ಮ ಅದರ ಮೇಲೆ ಬೆರಣಿ ತಟ್ಟತೊಡಗಿದಳು. ನಾನು ಹೋಗಿ ಪೈಪು ಹಿಡಿದು ತೊಳೆದೆ. ಮಾರನೇ ದಿನ ಮತ್ತೆ ತಟ್ಟಿದಳು. ಮತ್ತೆ ತೊಳೆದೆ. ಮೂರನೇ ಸಲಕ್ಕೆ ಅವ್ವ ನನ್ನ ಕೈ ಹಿಡಿದಳು. "ಬುಡವ್ವ. ಸೌದೆ ಅಸಿ ಅದೆ. ಅವ್ರ ಅಟ್ಟದಲ್ಲಿ ಒಣ್ಗಿರೋ ಬೆರ್ಣಿ ಎರ್ಡು ಇಸ್ಕೊಂಡ್ ಬಾ ಓಗು, ನೀರ್ ಕಾಯ್ಸನ."

ನಾನು ಹೋಗಲಿಲ್ಲ. ಅವ್ವನೇ ಗೋಡೆ ಸವರಿಕೊಂಡು ಆಚೆ ಹೋದಳು. ಬಹಳ ಹೊತ್ತು ಬರಲಿಲ್ಲ. ಅಲ್ಲಿ ಏನು ಮಾತಾಡಿದರೋ ಕೇಳಲು ಕಿಟಕಿ ಇರಲಿಲ್ಲ. ಆಮೇಲೆ ಸೆರಗಿನ ತುಂಬ ಬೆರಣಿ ಕಟ್ಟಿಕೊಂಡು ಬಂದು ಹಂಡೆಯ ಕೆಳಗೆ ಉರಿ ಹಾಕಿದಳು.

ಆ ದಿನ ನಾನು ತಣ್ಣೀರಿನಲ್ಲೇ ಸ್ನಾನ ಮಾಡಿದೆ.