ಅಗಲ ಬಳ್ಳಿಯ ಕೌದಿ

ಇಸಳೂರಿನಲ್ಲಿ ನಮ್ಮ ಪಕ್ಕದ ಮನೆಯ ಟೇಲರ್ ಅಕ್ಕ ಹೊಲಿಯುವ ಮೊದಲು ಬಟ್ಟೆಯ ಮೇಲೆ ಅಂಗೈ ಆಡಿಸಿ, "ಇದು ಎಂತ ಹೇಳ್ತು ನೋಡನ" ಎನ್ನುತ್ತಿದ್ದರು.

ಅಮ್ಮ ತೀರಿಕೊಂಡ ವರ್ಷ ಅವಳ ಹತ್ತಿ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊದೆಯುವ ಕೌದಿ ಮಾಡಿಸಲು ಅಕ್ಕನ ಬಳಿ ಒಯ್ದೆ. ಮೊಬೈಲಿನಲ್ಲಿ ನೋಡಿದ ಹೂವಿನ ವಿನ್ಯಾಸವೇ ಬೇಕೆಂದೆ.

"ಮಷಿನ್ ಕೌದಿಯಾ? ಬರೀ ನೆರಿಗೆ ಬತ್ತು," ಎಂದು ಕೈಹೊಲಿಗೆಗೆ ಹೆಸರಾಗಿದ್ದ ಅಕ್ಕನ ಅತ್ತೆ ನಕ್ಕರು.

ಅಕ್ಕ ಮೊದಲು ಒಂದು ತುಂಡಿನ ಮೇಲೆ ಹೂ ಹೊಲಿದು ನೋಡಿದರು. ಒತ್ತೊತ್ತಾದ ಹೊಲಿಗೆಗೆ ಹಳೆಯ ಬಟ್ಟೆ ಹರಿಯಿತು. ನೇರ ಗೆರೆ ಹಾಕಿದರೆ ಪದರ ಜರುಗಿ, ಅತ್ತೆ ಹೇಳಿದಂತೆಯೇ ನೆರಿಗೆ ಬಂತು. ನನಗೆ ಅಳುವೇ ಬಂತು. ಅಕ್ಕ ಮತ್ತೊಮ್ಮೆ ಅಂಗೈ ಆಡಿಸಿದರು.

"ಹೂ ಬ್ಯಾಡ ತಂಗಿ. ಬಳ್ಳಿ ಥರ ಹೊಲಿತೆ, ಅಗಲಾಗಿ."

ಪದರಗಳು ಜರುಗದಂತೆ ಕೈಯಿಂದ ಕಚ್ಚಾ ಹೊಲಿಗೆ ಹಾಕಿ, ನಡುವಿನಿಂದ ಅಂಚಿಗೆ ಬಳುಕುವ ಗೆರೆ ಹೊಲಿಯುತ್ತ ನಾಲ್ಕು ದಿನ ಮಷಿನ್ ಮುಂದೆ ಕೂತರು. ಮುಗಿದ ಕೌದಿಯನ್ನು ಅತ್ತೆಯ ಎದುರಿಗೇ ಹಾಸಿದರು.

ಅತ್ತೆ ಕನ್ನಡಕ ಏರಿಸಿ, ಎರಡೂ ಬದಿ ಮಗುಚಿ, ಮೂಲೆಮೂಲೆ ಸವರಿದರು. ಒಂದು ನೆರಿಗೆಯೂ ಸಿಗಲಿಲ್ಲ. ಒಳಗೆ ಹೋಗಿ, ತಮ್ಮ ಹಳೆಯ ಸೀರೆಗಳ ಗಂಟನ್ನು ತಂದು ಸೊಸೆಯ ಮಷಿನ್ನಿನ ಮೇಲೆ ಇಟ್ಟರು.

"ಯಂಗೂ ಒಂದು ಹೊಲಿದು ಕೊಡು. ಇದೇ ಬಳ್ಳಿ."