ನಾದಿನಿ ಎಲ್ಲಿಗೆ ಹೋದಳು

ತುರ್ತು ಪರಿಸ್ಥಿತಿ ಮುಗಿದು ಒಂದೆರಡು ವರ್ಷವಾಗಿದ್ದರೂ ಮಾನ್ವಿಯಲ್ಲಿ ನರ್ಸ್ ಬರುವುದು ಕಂಡರೆ ಜನ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಆಪರೇಷನ್ನಿಗೆ ಹೆಸರು ಬರೆದುಕೊಳ್ಳಲು ಬಂದಳೆಂಬ ಹೆದರಿಕೆ ಇನ್ನೂ ಹೋಗಿರಲಿಲ್ಲ. ಅಂಥದರಲ್ಲಿ ನಮ್ಮ ಮನೆಗೆ ಒಬ್ಬ ನರ್ಸ್ ದಿನಾ ಬರತೊಡಗಿದಳು. ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಮಾಯುತ್ತಿರಲಿಲ್ಲ. ಹೀಗೇ ಬಿಟ್ಟರೆ ಕಾಲು ಹೋಗುತ್ತದೆ ಎಂದು ಡಾಕ್ಟರು ಗದರಿಸಿ, ಹುಣ್ಣು ತೊಳೆದು ಪಟ್ಟಿ ಕಟ್ಟಲು ಆಕೆಯನ್ನು ಕಳಿಸಿದ್ದರು.

ಆಕೆ ಅರಕೇರಾ ಕಡೆಯವಳು, ಕ್ರೈಸ್ತಳು. ತಂದೆ ಹಳ್ಳಿಗಳಲ್ಲಿ ಬೋಧನೆ ಮಾಡಿಕೊಂಡಿದ್ದವರಂತೆ. ನಾವು ಮಾಧ್ವರು. ಅತ್ತೆಯವರದು ಕಟ್ಟುನಿಟ್ಟಿನ ಮಡಿ. ಮೊದಲ ಕೆಲವು ದಿನ ನರ್ಸ್ ಹೊಸ್ತಿಲು ದಾಟಿ ಹೊರಗೆ ಹೋದ ಕೂಡಲೇ ಬಚ್ಚಲಿಗೆ ಹೋಗಿ ನೀರು ಸುರಿದುಕೊಳ್ಳುವರು. ಪಟ್ಟಿ ಒದ್ದೆಯಾಗುವುದು, ಮರುದಿನ ಆಕೆಯಿಂದ ಬೈಸಿಕೊಳ್ಳುವರು. ಆಮೇಲೆ ಇದ್ದಕ್ಕಿದ್ದಂತೆ ಸ್ನಾನ ನಿಂತಿತು. ಹುಣ್ಣಿಗೆ ಒಳ್ಳೆಯದಾಯಿತು ಎಂದು ನಾನು ಸಮಾಧಾನಪಡಬೇಕಿತ್ತು. ಆಗಲಿಲ್ಲ. ಜ್ವರ ಬಂದು ಮಲಗಿದಾಗಲೂ ಮಡಿ ಬಿಡದ ಹೆಂಗಸು ಇದ್ದಕ್ಕಿದ್ದಂತೆ ಯಾಕೆ ಬಿಟ್ಟರು?

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್. ನಮ್ಮ ಮನೆಯವರಿಗೆ ರಾಯಚೂರಿನಲ್ಲಿ ನೌಕರಿ, ಶನಿವಾರ ಸಂಜೆಯ ಬಸ್ಸಿಗೆ ಬರುವರು. ಹಗಲೆಲ್ಲ ಅತ್ತೆಯವರೊಬ್ಬರೇ. ನಾನು ಮನೆಯಲ್ಲಿರುವಾಗ ನರ್ಸ್ ಬಂದರೆ ಇಬ್ಬರೂ ಮಾತೇ ಆಡರು. ನಾನು ಒಳಗೆ ಹೋದೆನೆಂದರೆ ಗುಸುಗುಸು ಶುರು, ಬಂದೆನೆಂದರೆ ನಿಂತಿತು. ಒಂದು ದಿನ ನೀರಿನ ನಳದ ಹತ್ತಿರ ಪಕ್ಕದ ಮನೆಯಾಕೆ ನನ್ನ ಕಿವಿಗೆ ಬಾಯಿಟ್ಟಳು.

"ಅಕ್ಕಾರ, ನಿಮ್ಮ ಅತ್ತಿಯವರಿಗೆ ಆ ನರ್ಸು ಏನೇನೋ ತಲಿ ತುಂಬಾಕತ್ತಾಳ್ರಿ. ದೇವರು, ಬೆಂಕಿ ಅಂತ ಮಾತು ಕೇಳಸ್ತಾವು. ಜ್ವಾಕಿ ಇರ್ರಿ."

ಆ ಶನಿವಾರ ಬೆಳಗಿನ ಶಾಲೆ. ಮುಗಿಸಿಕೊಂಡು ಬೇಗ ಬಂದವಳು ಚಪ್ಪಲಿ ಸದ್ದಾಗದಂತೆ ಕಟ್ಟೆಯ ಮೇಲೇ ನಿಂತೆ. ಒಳಗೆ ಅತ್ತೆಯವರ ದನಿ.

"ಹಂಗಾರ ನಿಮ್ಮ ನರಕದಾಗಿಂದ ಯಾರೂ ಹೊರಗ ಬರೂದಿಲ್ಲೇನು?"

"ಬರಂಗಿಲ್ಲ ಅಂತಾರ್ರೀ, ಅಮ್ಮಾರ."

"ನಮ್ಮಲ್ಲೂ ಹಂಗ ಹೇಳ್ತಾರ. ಅಂಧಂತಮಸ್ಸಿಗೆ ಬಿದ್ದರ ಮುಗೀತು."

ನನಗೆ ಸಿಟ್ಟು ನೆತ್ತಿಗೇರಿತು. ಒಳಗೆ ನುಗ್ಗಿದೆ. "ನರ್ಸಬಾಯಿ, ನೀವು ಬರೂದು ಹುಣ್ಣು ತೊಳೀಲಿಕ್ಕೋ, ನರಕ ತೋರಸ್ಲಿಕ್ಕೋ?"

ಆಕೆಯ ಕೈ ಪಟ್ಟಿಯ ಮೇಲೆ ಹಾಗೇ ನಿಂತಿತು. ಉತ್ತರ ಕೊಟ್ಟವರು ಅತ್ತೆ.

"ಆಕಿನ್ನ ಬೈಬ್ಯಾಡ. ಕೇಳಿದಾಕಿ ನಾನು."

"ನಿಮಗ್ಯಾಕ ಬೇಕು ಅವರ ನರಕ?"

"ನನ್ನ ಮಗಳು ಎಲ್ಲಿದ್ದಾಳ ಅಂತ ತಿಳೀಬೇಕಾಗೇದ."

ನನ್ನ ನಾದಿನಿ ನನ್ನ ಮದುವೆಗೆ ಮೊದಲೇ, ಅತ್ತೆಯವರು ಆಗ ಇದ್ದ ದೇವದುರ್ಗದ ಮನೆಯಲ್ಲಿ ತೀರಿಕೊಂಡವಳು. ನೀರು ಸೇದುವಾಗ ಕಾಲು ಜಾರಿ ಬಾವಿಗೆ ಬಿದ್ದಳು ಎಂದು ಹೇಳಿದ್ದರು. ನಾನು ನಂಬಿದ್ದೆ. ಅತ್ತೆಯವರು ಗೋಡೆಯ ಕಡೆ ನೋಡುತ್ತ ಹೇಳಿದರು: "ಜಾರಿ ಬಿದ್ದಿಲ್ಲ. ತಾನ ಹಾರಿಕೊಂಡ್ಲು. ನಿನ್ನ ಗಂಡಗ ಗೊತ್ತದ."

ನಮ್ಮಲ್ಲಿ ನರಕಗಳು ಹಲವು. ಪಾಪ ತೀರಿದ ಮೇಲೆ ಬಿಡುಗಡೆ ಇರುವಂಥವೇ ಹೆಚ್ಚು. ಅಂಧಂತಮಸ್ಸು ಮಾತ್ರ ಹೊರಬರಲಾಗದ ಕತ್ತಲೆ. ತಾವೇ ಪ್ರಾಣ ಕಳೆದುಕೊಂಡವರು ಅಲ್ಲಿಗೇ ಹೋಗುತ್ತಾರೆಂದು ಯಾರೋ ಪುರಾಣ ಹೇಳುವಾಗ ಅಂದ ಮಾತು ಅತ್ತೆಯವರ ಎದೆಗೆ ನೆಟ್ಟಿತ್ತು. ನಮ್ಮ ಆಚಾರ್ಯರನ್ನು ಕೇಳಿದರೆ ಗುಟ್ಟು ಊರಿಗೆ ಗೊತ್ತಾಗುತ್ತದೆ. ಈಕೆ ಹೊರಗಿನವಳು. ಅದಕ್ಕೇ ಈಕೆಯನ್ನು ಕೇಳಿದ್ದರು.

ಆದರೂ ನನ್ನ ಸಂಶಯ ನರ್ಸಿನ ಮೇಲಿಂದ ಇಳಿಯಲಿಲ್ಲ. "ನಮ್ಮ ಯೇಸುವಿನ ಕಡೆ ಬಂದರ ಮಗಳು ಪಾರಾಗ್ತಾಳ ಅಂತ ಹೇಳಿರಬೇಕಲ್ಲಾ?" ಎಂದೆ.

ಆಕೆ ತಲೆಯೆತ್ತಿದಳು. ಕಣ್ಣು ಕೆಂಪಗಿದ್ದವು. "ಹಂಗ ಹೇಳಿದ್ರ ನಮ್ಮ ಅಜ್ಜಿಗೆ ಏನ್ ಹೇಳ್ಲಿರೀ? ಆಕಿ ದೀಕ್ಷಾಸ್ನಾನ ತೊಗೊಳ್ದಾನ ಸತ್ತಳು. ಆಕಿ ಬೆಂಕಿಯಾಗ ಅದಾಳ ಅಂತ ಪಾಸ್ಟರು ನಮ್ಮವ್ವನ ಮುಂದ ಅಂದುಬಿಟ್ರು. ಅವತ್ತಿಂದ ನಾನೂ ಬೈಬಲ್‌ದಾಗ ಹುಡುಕಾಕತ್ತೀನಿ."

"ಸಿಕ್ಕತೇನು?" ಎಂದೆ.

"ಒಂದೊಂದು ಕಡಿ ಒಂದೊಂದು ಅದ ರೀ. ಹಳೇ ಒಡಂಬಡಿಕಿಯಾಗ ಸತ್ತವರೆಲ್ಲಾ ಹೋಗೂದು ಪಾತಾಳಕ್ಕ. ಒಳ್ಳೆಯವರು, ಕೆಟ್ಟವರು, ರಾಜರು, ಆಳುಗಳು, ಎಲ್ಲಾರೂ. ಅಲ್ಲಿ ಕತ್ತಲಿ, ಸುಮ್ಮನ ಇರೂದು, ಅಷ್ಟ. ನರಕ ಅಂತ ಯೇಸುಸ್ವಾಮಿ ಅಂದಿದ್ದು ಯೆರೂಸಲೇಮಿನ ಹೊರಗಿನ ಒಂದು ತಗ್ಗಿನ ಹೆಸರಂತ. ಹಿನ್ನೋಮ್ ಕಣಿವಿ. ಅಲ್ಲಿ ಹಿಂದಕ ಹೆತ್ತ ಮಕ್ಕಳನ್ನ ಬೆಂಕಿಗೆ ಹಾಕತಿದ್ರಂತ. ಶಾಪದ ಜಾಗ. ನಮ್ಮಪ್ಪ ಹೇಳತಿದ್ದ."

"ಅಂದರ ಬೆಂಕಿ ಇಲ್ಲ ಅಂತೀರೇನು?" ಬಿಡದೆ ಕೇಳಿದೆ. ಮುದುಕಿಯ ಮನಸ್ಸು ಹಿಡಿಯಲು ಬೇಕಾದಷ್ಟನ್ನೇ ಆರಿಸಿ ಹೇಳುತ್ತಿದ್ದಾಳೆ ಎಂದು ನನಗೆ ಅನ್ನಿಸಿತ್ತು.

"ಅದ ರೀ. ಸುಳ್ಯಾಕ ಹೇಳ್ಲಿ. ಆರದ ಬೆಂಕಿ, ಸಾಯದ ಹುಳ, ಹಲ್ಲು ಕಡಿಯೂದು, ಎಲ್ಲಾ ಆತನ ಬಾಯಿಲೇ ಬಂದಾವು. ಆದ್ರ ಯಾರಿಗೆ ಹೇಳ್ಯಾನ ನೋಡ್ರಿ. ಬಾಗಲಾಗ ಬಿದ್ದ ಭಿಕ್ಷುಕನ್ನ ಕಣ್ಣೆತ್ತಿ ನೋಡದ ಶ್ರೀಮಂತಗ. ಹಸದವರಿಗೆ ಉಣ್ಣಾಕ ಹಾಕದವರಿಗೆ, ಜಡ್ಡಾದವರನ್ನ ನೋಡಾಕ ಹೋಗದವರಿಗೆ. ಬಾವಿಗೆ ಬಿದ್ದ ಹುಡುಗಿಗೆ ಅಂತ ಒಂದು ಮಾತೂ ನನಗ ಸಿಕ್ಕಿಲ್ಲ."

ಅತ್ತೆಯವರು ಕಾಲು ಆಕೆಯ ಮುಂದೆ ಚಾಚಿಕೊಂಡೇ ಕೇಳಿದರು: "ಹಂಗ ತಾವ ಸತ್ತವರು ಯಾರೂ ಇಲ್ಲೇನು ಅದರಾಗ?"

"ಅದಾರ್ರೀ. ಒಬ್ಬ ರಾಜ ಯುದ್ಧದಾಗ ಸೋತು ತನ್ನ ಕತ್ತಿ ಮ್ಯಾಲ ತಾನ ಬಿದ್ದ. ಒಂದು ಊರ ಮಂದಿ ಬಂದು ಹೊತ್ತುಕೊಂಡು ಹೋಗಿ ಸುಟ್ಟು, ಎಲುಬನ್ನ ಒಂದು ಗಿಡದ ಬುಡಕ ಮಣ್ಣು ಮಾಡಿ, ಉಪಾಸ ಮಾಡಿದ್ರು. ನರಕಕ್ಕ ಹೋದ ಅಂತ ಅಲ್ಲಿಲ್ಲ. ಇನ್ನೊಬ್ಬ, ಸ್ವಾಮಿನ್ನ ಹಿಡಕೊಟ್ಟವ, ಉರಲು ಹಾಕ್ಕೊಂಡ. ಅವ ತನ್ನ ಜಾಗಕ್ಕ ಹೋದ ಅಂತ ಅಷ್ಟ ಅದ."

"ಅವನ ಜಾಗ ಯಾವುದು?"

"ಬರದಿಲ್ರೀ, ಅಮ್ಮಾರ. ನಮ್ಮ ಪಾಸ್ಟರಿಗೆ ಕೇಳಿದ್ರ ನರಕಾನ ಅಂತಾರ. ನನಗ ಗೊತ್ತಿಲ್ಲ." ಪಟ್ಟಿ ಸುತ್ತುತ್ತ ಸೇರಿಸಿದಳು: "ಒಂದು ಕೀರ್ತನಿಯಾಗ ಮಾತ್ರ, ಪಾತಾಳದಾಗ ಹೋಗಿ ಮಲಕ್ಕೊಂಡ್ರೂ ದೇವರು ಅಲ್ಲೂ ಇರ್ತಾನ ಅಂತ ಅದ."

"ಅಲ್ಲೂ ಇರ್ತಾನ?"

"ಹೂಂ ರೀ."

"ಪಾತಾಳದಾಗೂ?"

ಆಕೆ ತಲೆಯಾಡಿಸಿ ಪಟ್ಟಿಯ ಗಂಟು ಬಿಗಿದಳು. ಅತ್ತೆಯವರು ಸೆರಗು ಮುಖಕ್ಕೆ ಹಿಡಿದುಕೊಂಡರು.

ಸಂಜೆ ಇವರು ಬಂದರು. ಕಾಲು ತೊಳೆಯಲು ನೀರು ಕೊಡುತ್ತ, ತಂಗಿ ಹೇಗೆ ಸತ್ತಳೆಂದು ಕೇಳಿದೆ.

"ಜಾರಿ ಬಿದ್ಲು," ಎಂದರು. ನನ್ನ ಮುಖ ನೋಡಲಿಲ್ಲ. ತಂಬಿಗೆ ಕೆಳಗಿಟ್ಟು, "ಯಾರು ಹೇಳಿದ್ರು? ಆ ನರ್ಸೇನು? ನಾಳಿಂದ ಆಕಿ ಬರೂದು ಬ್ಯಾಡ," ಎಂದು ದನಿ ಏರಿಸಿದರು.

ಅತ್ತೆಯವರು ಗೋಡೆ ಹಿಡಿದುಕೊಂಡು ಪಡಸಾಲೆಗೆ ಬಂದರು. "ಆಕಿ ಬರ್ತಾಳ. ನೀ ಹೊಳಿಗೆ ಹೋಗಿ ನಿನ್ನ ತಂಗಿ ಹೆಸರಿಲೆ ನಾರಾಯಣಬಲಿ ಮಾಡು."

ಅಪಮೃತ್ಯು ಆದವರಿಗೆ ಮಾಡುವ ಕರ್ಮ ಅದು. ಇವರು ಬೆಚ್ಚಿದರು. "ಇಷ್ಟು ವರ್ಷ ಆದಮ್ಯಾಲ? ಅದನ್ನ ಮಾಡಿದರ ಊರಿಗೆಲ್ಲಾ ಡಂಗುರ ಹೊಡದಂಗ, ಅವ್ವಾ."

"ಹೊಡೀಲಿ. ನೀ ಮಾಡ್ಲಿಲ್ಲಂದ್ರ ನರ್ಸಬಾಯಿ ಕಡಿಂದ ಪ್ರಾರ್ಥನಾ ಮಾಡಸ್ತೀನಿ. ನನಗ ಈಗ ಯಾರ ದೇವರಾದರೂ ನಡೀತದ."

ಆ ಬಾಯಿಂದ ಅಂಥ ಮಾತು ಬರುತ್ತದೆಂದು ನಾವಿಬ್ಬರೂ ಕನಸಿನಲ್ಲೂ ಎಣಿಸಿರಲಿಲ್ಲ. ಇವರು ಪಂಚಾಂಗ ತೆಗೆದು ದಿನ ನೋಡಿದರು.

ಕರ್ಮಕ್ಕೆ ಇವರು ದೇವದುರ್ಗದ ಪುರೋಹಿತರನ್ನು ಕರೆಯಲಿಲ್ಲ. ನಮ್ಮ ಮನೆತನ ಗೊತ್ತಿಲ್ಲದ ಒಬ್ಬರನ್ನು ರಾಯಚೂರಿನಿಂದ ಕೃಷ್ಣೆಯ ದಂಡೆಗೆ ಕರೆಸಿದರು. ಅದನ್ನೂ ನಾನು ಗಮನಿಸಿದೆ. ಅತ್ತೆಯವರಿಗೆ ಅಷ್ಟು ದೂರ ಆಗುವಂತಿರಲಿಲ್ಲ, ನಾನೊಬ್ಬಳೇ ಜೊತೆಗೆ ಹೋದೆ. ಸಂಕಲ್ಪ ಹೇಳಿಸುವ ಮೊದಲು ಪುರೋಹಿತರು, "ಮರಣ ಹೆಂಗಾತು?" ಎಂದು ಕೇಳಿದರು. ಇವರು ಹೊಳೆ ನೋಡುತ್ತ ಕುಳಿತರು. ಪುರೋಹಿತರು ಮತ್ತೆ ಕೇಳಿದರು.

"ಬಾವಿಗೆ ಹಾರಿದ್ಲು," ಎಂದರು ಇವರು.

ತಿರುಗಿ ಬರುವಾಗ ಬಸ್ಸಿನಲ್ಲಿ, ಯಾಕೆ ಹಾರಿದಳೆಂದು ಕೇಳಿದೆ. "ಕೇಳಬ್ಯಾಡ," ಎಂದರು.

ನರ್ಸ್ ಹುಣ್ಣು ಮಾಯುವವರೆಗೂ ಬಂದಳು. ಮುಂದೆ ಆಕೆಗೆ ದೇವದುರ್ಗದ ಹತ್ತಿರದ ಜಾಲಹಳ್ಳಿಗೆ ವರ್ಗವಾಯಿತು. ಅತ್ತೆಯವರನ್ನು ಆಕೆ ಯಾವ ಚರ್ಚಿಗೂ ಒಯ್ಯಲಿಲ್ಲ. ಅವರ ಮಡಿ, ಏಕಾದಶಿ ಎಲ್ಲ ಮೊದಲಿನಂತೆಯೇ ನಡೆದವು. ಪಕ್ಕದ ಮನೆಯಾಕೆ ಮಾತ್ರ ಒಳಗೊಳಗೇ ಜಾತಿ ಬಿಟ್ಟಿದ್ದಾರೆಂದೇ ಕೊನೆಯವರೆಗೂ ಅನ್ನುತ್ತಿದ್ದಳು.

ಎಂಬತ್ತರ ದಶಕದಲ್ಲಿ ನಾವು ರಾಯಚೂರಿನಲ್ಲಿ ಮನೆ ಮಾಡಿದೆವು. ಆ ಹೊತ್ತಿಗೆ ಅತ್ತೆಯವರು ಮಗಳ ಹೆಸರನ್ನು ಬಾಯಿತುಂಬ ಹೇಳತೊಡಗಿದ್ದರು. ಹುಣಸೆಕಾಯಿ ಕದ್ದು ತಿಂದಿದ್ದು, ಹಾಡು ಕಲಿತದ್ದು, ಜಡೆಗೆ ಹಟ ಮಾಡಿದ್ದು. ಅಷ್ಟರಲ್ಲಿ ಹುಟ್ಟಿದ್ದ ನನ್ನ ಮಕ್ಕಳು ಸುತ್ತ ಕುಳಿತು ಕೇಳುವರು. ಆ ಮಾತು ಎತ್ತಿದಾಗಲೆಲ್ಲ ಇವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆಯುತ್ತಿದ್ದರು. ತಂಗಿ ಬಾವಿಗೆ ಯಾಕೆ ಹಾರಿದಳೆಂದು ಇವರು ನನಗೆ ಹೇಳಲೇ ಇಲ್ಲ; ಎಲ್ಲಿಯತನಕ ಹೋಗುತ್ತಾರೆಂದು ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ.