ಮೋಟರಿನ ಗುಂಯ್ ಸದ್ದು

ಬೆಳಗಿನ ಹತ್ತು ಗಂಟೆಗೆ ಹೊಲಗಳ ಕಡೆ ಥ್ರೀ ಫೇಸ್ ಕರೆಂಟು ಬರುತ್ತದೆ. ಆಗ ಬಸವನ ಬಾಗೇವಾಡಿಯ ನಮ್ಮ ಓಣಿಯಲ್ಲಿ ಶುಭಾಬಾಯಿ ಅಡುಗೆಮನೆಯ ಕಿಟಕಿಯ ಬಳಿ ಕೂತು ಮೆಂತ್ಯಪಲ್ಲೆ ಸೋಸುತ್ತಿರುತ್ತಾರೆ. ಒಂದು ಮಾತೂ ಆಡುತ್ತಿರುವುದಿಲ್ಲ. ಅದೇ ಹೊತ್ತಿಗೆ ಇಂಡಿ ತಾಲೂಕಿನ ನಿಂಬೆ ತೋಟದಲ್ಲಿ, ಕನ್ನೊಳ್ಳಿಯ ಕಬ್ಬಿನ ನಡುವೆ, ಮುದ್ದೇಬಿಹಾಳದ ಕಡೆಯ ಯಾವುದೋ ಬದುವಿನ ಮೇಲೆ ಅವರ ದನಿ ಯಾರದೋ ಕಿವಿಯಲ್ಲಿ ಮೆಲ್ಲಗೆ ಹೇಳುತ್ತಿರುತ್ತದೆ: "ಮೋಟರ್ ಚಾಲೂ ಆತ್ರಿ."

ಆ ದನಿಯನ್ನು ಹೊಲಗಳಿಗೆ ಕಳಿಸಿದವರು ಅವರ ಗಂಡ ಸುಜಯೀಂದ್ರ. ಅರವತ್ತೆರಡರ ಎಲೆಕ್ಟ್ರಾನಿಕ್ಸ್ ಇಂಜಿನಿಯರ್. ಹನ್ನೊಂದು ವರ್ಷ ಪುಣೆಯ ಒಂದು ಮೀಟರ್ ಕಾರ್ಖಾನೆಯಲ್ಲಿದ್ದರು, ಆಮೇಲೆ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿದರು, ಈಗ ಮನೆಯ ಪಡಸಾಲೆಯಲ್ಲಿ ಡಬ್ಬಿಗಳನ್ನು ಮಾಡುತ್ತಾರೆ. ಬುತ್ತಿಯ ಗಂಟಿನಷ್ಟು ದೊಡ್ಡ ಡಬ್ಬಿ, ಒಳಗೊಂದು ಸಿಮ್. ಬಾವಿಯ ಮೇಲಿನ ಸ್ಟಾರ್ಟರ್‌ಗೆ ಅದನ್ನು ಜೋಡಿಸಿದರೆ ಎಲ್ಲೋ ಕೂತು ಫೋನು ಹಚ್ಚಿ ಮೋಟರು ಚಾಲೂ ಮಾಡಬಹುದು, ಬಂದ್ ಮಾಡಬಹುದು. ಪೇಟೆಯಲ್ಲಿ ಸಿಗುವ ಡಬ್ಬಿಗಳು ಸುದ್ದಿ ಓದುವವರ ಹಾಗೆ ಮಾತಾಡುತ್ತಿದ್ದವು. ಅದಕ್ಕೆ ಬೆದರಿ ಕೆಲವರು ಫೋನೇ ಇಟ್ಟುಬಿಡುತ್ತಿದ್ದರು. ಹಾಗಾಗಿ ಹತ್ತು ವರ್ಷದ ಹಿಂದೆ ಅವರು ಹೆಂಡತಿಯನ್ನು ಅಡುಗೆಮನೆಯಲ್ಲೇ ನಿಲ್ಲಿಸಿ, ಹೊಲದವರು ಅನ್ನುವ ಹಾಗೆಯೇ ನಾಲ್ಕು ಮಾತು ಅನ್ನಿಸಿ ಡಬ್ಬಿಗೆ ರೆಕಾರ್ಡ್ ಮಾಡಿಕೊಂಡರು. ಕುಕ್ಕರಿನ ಸೀಟಿಯ ತುದಿಯೊಂದು ಅದರಲ್ಲಿ ಸೇರಿಹೋಯಿತು. ಈಗಲೂ ಸಂತೆಯಲ್ಲಿ ಶುಭಾಬಾಯಿ ಬದನೆಕಾಯಿಯ ದರ ಕೇಳಿದರೆ ಮಾರುವವನು ಥಟ್ಟನೆ ತಲೆ ಎತ್ತುತ್ತಾನೆ.

"ಬಾಯಾರ, ನೀವು ನಮ್ಮ ಮೋಟರಿನ್ಯಾಗ ಇರ್ತೀರಲ್ರಿ?"

ಓಣಿಯಲ್ಲಿ ಯಾರು ಏನು ಕೊಳ್ಳುವುದಿದ್ದರೂ ಮೊದಲು ಸುಜಯೀಂದ್ರರಿಗೆ ತೋರಿಸುತ್ತಾರೆ, ಹೆಣ್ಣು ನೋಡಿ ಬಂದವರು ಹಿರಿಯರನ್ನು ಒಂದು ಮಾತು ಕೇಳುವ ಹಾಗೆ. ಅವರು ವಸ್ತುವನ್ನು ಬೋರಲು ಹಾಕಿ ಮೊದಲು ಸ್ಕ್ರೂ ಹುಡುಕುತ್ತಾರೆ. ಸ್ಕ್ರೂ ಇಲ್ಲದಿದ್ದರೆ ಅರ್ಧ ಮನಸ್ಸು ಅಲ್ಲೇ ಮುರಿಯುತ್ತದೆ. ಹೆಜ್ಜೆ ಎಣಿಸುವ ಗಡಿಯಾರ ತಂದವರಿಗೆ ಅವರು ಅಂದದ್ದು: "ನೀ ನಡದದ್ದು ನಿನ್ನ ಕಾಲಿಗೆ ಗೊತ್ತದ. ಕೈಗ್ಯಾಕ ಚಾಡಿ ಹೇಳಬೇಕು?" ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಹೊಸ ಕಂಪ್ಯೂಟರ್ ಬುದ್ಧಿಯ ಬಗ್ಗೆ: "ಎಲ್ಲಾ ಬಲ್ಲದು. 'ನನಗ ಗೊತ್ತಿಲ್ಲ' ಅನ್ನೂದೊಂದ ಬರಂಗಿಲ್ಲ. ಅಂಥಾವ್ರು ನಮ್ಮ ಕ್ಲಾಸಿನ್ಯಾಗೂ ಇದ್ರು, ಮುಂದಿನ ಬೆಂಚಿನ್ಯಾಗ." ಫ್ರಿಜ್ಜಿಗೂ ಮಿಕ್ಸರಿಗೂ ಪರದೆ ಬಂದದ್ದು ಕಂಡಾಗ ಮಾತ್ರ ಅವರ ದನಿ ಇಳಿಯುತ್ತಿತ್ತು. "ಎಲ್ಲಾ ಕಣ್ಣಿಗೇ ಕೊಟ್ಟಾರ. ಕಿವಿಗೇನೂ ಉಳಿಸಿಲ್ಲ."

ಎದುರಿಗೆ ಮೊಬೈಲ್ ಅಂಗಡಿ ಇಟ್ಟಿರುವ ಕುತುಬುದ್ದೀನ ಕೈ ಮುಗಿಯುತ್ತಿದ್ದ. "ಸಾಹೇಬ್ರ, ನೀವೊಂದು ಮಾತು ಅಂದ್ರ ನನ್ನ ಇಬ್ಬರು ಗಿರಾಕಿ ಹೊಳ್ಳಿ ಹೋಗ್ತಾರ್ರಿ. ನಿಮಗ ಏನ ಸೇರತೈತಿ ಅದನ್ನರ ಹೇಳ್ರಿ, ಅದನ್ನ ತರಸ್ತೇನಿ."

ಒಂದು ಸೇರಿತು. ಹೊರಗಿನ ಗದ್ದಲವನ್ನೆಲ್ಲ ಅಳಿಸಿ ಕೇಳಬೇಕಾದದ್ದನ್ನಷ್ಟೇ ಕೇಳಿಸುವ ಇಯರ್‌ಫೋನು. ಅದನ್ನು ಹಾಕಿಕೊಂಡು ಅವರು ಕುತುಬುದ್ದೀನನ ಅಂಗಡಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತರು. ಟಂಟಂ ಗಾಡಿಗಳು, ಹಾಲಿನ ಕ್ಯಾನುಗಳು, ಬಸ್ಸಿನ ಹಾರ್ನು, ಎಲ್ಲ ನೀರಿನಡಿಯಲ್ಲಿ ನಡೆದ ಹಾಗೆ ಸದ್ದಿಲ್ಲದೆ ಹೋಗುತ್ತಿದ್ದವು. "ಇದು ಇಂಜಿನಿಯರ್ ಮಾಡಿದ ಕೆಲಸ" ಅಂದರು.

ಅದು ಅವರಿಗೆ ಸೇರಲು ಒಂದು ಕಾರಣವಿತ್ತು. ಅವರ ಡಬ್ಬಿಯಲ್ಲೊಂದು ದೋಷ ಇತ್ತು. ಒಳಗಿನ ಒಂದು ತಂತಿಗೆ ಸರಿಯಾದ ಹೊದಿಕೆ ಇರಲಿಲ್ಲ. ಮೋಟರು ಚಾಲೂ ಆದರೆ ಅದರ ಕಂಪನವನ್ನು ಆ ತಂತಿ ಕದ್ದು ಫೋನಿನೊಳಗೆ ಬಿಡುತ್ತಿತ್ತು. ಶುಭಾಬಾಯಿಯ ದನಿಯ ಹಿಂದೆ ಸದಾ ಗುಂಯ್ ಅನ್ನುವ ಸದ್ದು. ಸಾಲದ್ದಕ್ಕೆ ಮಾತು ಮುಗಿದ ಮೇಲೂ ಡಬ್ಬಿ ತಾನಾಗಿ ಫೋನು ಇಡುತ್ತಿರಲಿಲ್ಲ. ಮುನ್ನೂರು ಹೊಲಗಳಲ್ಲಿ ತಮ್ಮ ತಪ್ಪು ಗುಂಯ್‌ಗುಡುತ್ತಿದೆ ಎಂದು ಹತ್ತು ವರ್ಷ ಅವರು ಒಳಗೊಳಗೇ ನಾಚಿದರು.

ಕಳೆದ ವರ್ಷ ಹಳೆಯ ಸಿಗ್ನಲ್ ಟವರುಗಳಿಂದ ಒಂದೊಂದಾಗಿ ಮಾಯವಾಗತೊಡಗಿತು. ಹಳೆಯ ಸಿಮ್ಮಿನ ಡಬ್ಬಿಗಳು ಒಂದೊಂದೇ ಮೂಕವಾದವು. ಸುಜಯೀಂದ್ರ ಹೊಸ ಸಿಗ್ನಲ್ಲಿನ ಡಬ್ಬಿ ಮಾಡಿದರು. ತಂತಿಗೆ ಹೊದಿಕೆ ಹಾಕಿದರು. ಶುಭಾಬಾಯಿಯ ಹಳೆಯ ದನಿಯಿಂದ ಕುಕ್ಕರಿನ ಸೀಟಿ ತೆಗೆದರು. ಮಾತು ಮುಗಿದ ನಾಲ್ಕೇ ಸೆಕೆಂಡಿಗೆ ಫೋನು ತಾನೇ ಕಟ್ ಆಗುವ ಹಾಗೆ ಮಾಡಿದರು. ಮೊದಲ ಸಲ ಕೇಳಿದಾಗ ಆ ದನಿ ತೊಳೆದಿಟ್ಟ ಗಾಜಿನ ಲೋಟದಷ್ಟು ತಿಳಿಯಾಗಿತ್ತು.

"ನಾ ಹಿಂಗ ಮಾತಾಡ್ತೇನೇನ್ರಿ?" ಅಂದರು ಶುಭಾಬಾಯಿ. "ಉಣ್ಣದ ತಿನ್ನದ ಇರೋರ ಗತೆ ಅನಸ್ತದ."

ಹೊಸ ಡಬ್ಬಿಗಳು ಹೊಲಗಳಿಗೆ ಹೋದವು. ಎಲ್ಲರೂ ಭೇಷ್ ಅಂದರು. ನಿಡಗುಂದಿಯ ಹತ್ತಿರದ ಒಂದು ಹೊಲದಿಂದ ಮಾತ್ರ ಹತ್ತನೆಯ ದಿನ ಫೋನು ಬಂತು. ಮಾತಾಡಿದವನು ಮುತ್ತುರಾಜ.

"ಸಾಹೇಬ್ರ, ನಮ್ಮ ದೊಡ್ಡವ್ವನ ಮೋಟರು ಇನ್ನೊಂದೀಟ ಆಗಿದ್ರ ಸುಟ್ಟ ಹೋಗತಿತ್ರಿ. ಆ ಡಬ್ಬಿ ಬ್ಯಾಡಂತ, ಬಂದು ಬಿಚ್ಚಿಕೊಂಡು ಹೋಗಬೇಕಂತ. ಹೊಲ ಪಾಲಿಗಿ ಕೊಡಾಕ ನಿಂತಾಳ, ಉಳೋರು ಬ್ಯಾರೆ, ಬೆಳಿ ಅರ್ಧರ್ಧ."

ಅವನ ದೊಡ್ಡವ್ವ ಹುಲಿಗೆವ್ವ. ಎಪ್ಪತ್ತರ ಹತ್ತಿರದ ಒಂಟಿ ಹೆಂಗಸು, ಎರಡು ಎಕರೆಯ ಒಡತಿ. ಏಳು ವರ್ಷದಿಂದ ಅವರಿಗೆ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆದರೂ ಉಳ್ಳಾಗಡ್ಡಿಯ ಮಡಿಗಳಿಗೆ ಅವರೇ ನೀರು ಹಾಯಿಸುತ್ತಾರೆ. ಕಾಲುವೆಯಲ್ಲಿ ಬರಿಗಾಲಿನಲ್ಲಿ ನಿಂತು, ನೀರು ಹಿಮ್ಮಡಿಯಿಂದ ಕಾಲಿನ ಗಂಟಿಗೆ ಏರಿದಾಗ ಮುಂದಿನ ಮಡಿಗೆ ತಿರುವುತ್ತಾರೆ. ಮೋಟರು ಇರುವುದು ದೂರದ ಹಳ್ಳದ ಬಾವಿಯ ಮೇಲೆ. ಅಲ್ಲಿಂದ ಪೈಪಿನಲ್ಲಿ ನೀರು ಹೊಲಕ್ಕೆ ಬರಲು ಕಾಲು ತಾಸು ಬೇಕು. ಬಾವಿಯಲ್ಲಿ ನೀರು ಇಳಿದಿದ್ದರೆ ಅಷ್ಟರಲ್ಲಿ ಮೋಟರು ಒಣ ಓಡಿ ಸುಟ್ಟೇಹೋಗುತ್ತದೆ. ಕಣ್ಣಿದ್ದವರು ಬಾವಿಯ ತನಕ ಹೋಗಿ ಬಗ್ಗಿ ನೋಡಿ ಬರಬಹುದು.

ಸುಜಯೀಂದ್ರರ ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು, ಪಕ್ಕದ ಮನೆಯ ನನ್ನ ಸ್ಕೂಟಿಯ ಹಿಂದೆ ಕೂತರು. ದಾರಿಯುದ್ದಕ್ಕೂ ಅವರು ತಮಗೆ ತಾವೇ ಲೆಕ್ಕ ಒಪ್ಪಿಸುತ್ತಿದ್ದರು. ಒಣ ಓಡಿದರೆ ತಾನೇ ಬಂದ್ ಆಗುವ ಏರ್ಪಾಡು ಡಬ್ಬಿಯಲ್ಲಿ ಇತ್ತು. ಅದು ಯಾಕೆ ಸೋತಿತು? ಮನಗೂಳಿಯ ಕಡೆಯಿಂದ ಬಂದ ಗಾಳಿಯಲ್ಲಿ ಸೂರ್ಯಕಾಂತಿಯ ಹೊಲಗಳು ಒಂದೇ ಕಡೆಗೆ ಮುಖ ಮಾಡಿ ನಿಂತಿದ್ದವು, ಏನನ್ನೋ ಕಿವಿಗೊಟ್ಟು ಕೇಳುತ್ತಿರುವ ಹಾಗೆ.

ಹುಲಿಗೆವ್ವ ಬದುವಿನ ಬೇವಿನ ಗಿಡದ ಕೆಳಗೆ ಕೂತಿದ್ದರು. ಮಡಿಗಳು ಹಸನಾಗಿದ್ದವು, ಸಸಿ ಇನ್ನೂ ಹಚ್ಚಿರಲಿಲ್ಲ. ಮುತ್ತುರಾಜ ಕೈಕಟ್ಟಿ ನಿಂತಿದ್ದ.

"ಡಬ್ಬಿ ಕೆಟ್ಟದ ಏನವ್ವಾ?" ಸುಜಯೀಂದ್ರ ಕೇಳಿದರು.

"ಕೆಟ್ಟಿಲ್ರಿ. ಛಂದ ಮಾತಾಡತೈತಿ. ಆದ್ರ ಸುಳ್ಳು ಹೇಳತೈತಿ."

"ಸುಳ್ಳ?"

"ಮೋಟರ್ ಚಾಲೂ ಆತ್ರಿ ಅಂತು. ನಾ ಹೂಂ ಅಂದ್ನಿ. ಟಕ್ಕನ ಕಟ್ ಆತು. ಬಾವ್ಯಾಗ ನೀರ ಇರಲಿಲ್ಲ, ಮುತ್ತು ಹೋಗಿ ನೋಡೂದ್ರಾಗ ಸುಟ್ಟ ವಾಸನಿ ಬಂದಿತ್ತಂತ. ಹಳೇ ಬಾಯಾರು ಹಿಂಗ ಮಾಡತಿರಲಿಲ್ಲ."

"ಅದೂ ಅದೇ ದನಿ ಅದಲ್ಲ. ನಮ್ಮ ಮನಿಯವ್ರದೇ."

"ದನಿ ಯಾರ್ ಕೇಳ್ತಿದ್ರು ಸಾಹೇಬ್ರ? ನಾ ಬಾಯಾರ ಹಿಂದಿಂದು ಕೇಳ್ತಿದ್ನಿ."

ಮುತ್ತುರಾಜ ನಕ್ಕ. "ಇದ ನೋಡ್ರಿ. ಹತ್ತಕ್ಕ ಫೋನು ಕಿವಿಗಿ ಹಚ್ಚಿದ್ಲಂದ್ರ ಅರ್ಧ ತಾಸು ಬಿಡತಿರಲಿಲ್ಲ. ದೊಡ್ಡವ್ವಗ ಈ ವಯಸ್ಸಿನ್ಯಾಗ ಯಾರೋ ಸಿಕ್ಕಾರ ಅಂತ ಊರ ಮಂದಿ ನಗತಿದ್ರು."

"ನಗಲೇಳು, ಅವರಿಗೆ ಯಾರೂ ಸಿಕ್ಕಿಲ್ಲ" ಅಂದರು ಹುಲಿಗೆವ್ವ. ಆಮೇಲೆ ಸುಜಯೀಂದ್ರರ ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ಆ ಗುಂಯ್ ಅನ್ನೂದಿತ್ತಲ್ರಿ. ನೀರು ತುಂಬಿ ಎಳೀತಂದ್ರ ಅದು ಎತ್ತು ಮೆಲಕು ಹಾಕಿದಂಗ, ದಪ್ಪ. ನೀರು ಇಳೀತಂದ್ರ ತೆಳ್ಳಗ ಆಗತಿತ್ತು, ಮೊರದಾಗ ಜ್ವಾಳ ಹಸನ ಮಾಡಿದಂಗ. ಕರೆಂಟಿನ ಒಂದು ತಂತಿ ಸತ್ತರ ಹಲ್ಲು ಬಿದ್ದೋರು ಮಾತಾಡಿದಂಗ. ತೆಳ್ಳಗ ಆತಂದ್ರ ನಾ ಬಂದ್ ಮಾಡತಿದ್ನಿ. ಏಳು ವರ್ಷದಾಗ ಒಮ್ಮಿನೂ ಸುಟ್ಟಿಲ್ಲ. ಹೊಸಾದ್ರಾಗ ಅದನ್ನ ಯಾರೋ ತಕ್ಕೊಂಡಬಿಟ್ಟಾರ."

ಬೇವಿನ ನೆರಳು ಸುಜಯೀಂದ್ರರ ಕಪ್ಪು ಕನ್ನಡಕದ ಮೇಲೆ ಅಲ್ಲಾಡುತ್ತಿತ್ತು.

"ತಗದವ ನಾನ ಅವ್ವಾ" ಅಂದರು. "ಅದು ನನ್ನ ತಪ್ಪಂತ ತಿಳದಿದ್ದೆ."

"ತಪ್ಪಿದ್ರ ಇರಲೇಳ್ರಿ. ನನಗ ಅದ ಬಾವಿಗಿ ಕಣ್ಣಿತ್ತು."

"ಹೊಲ ಯಾಕ ಪಾಲಿಗೆ ಕೊಡ್ತೀರಿ? ಮುತ್ತುರಾಜ ಬಾವಿ ನೋಡಿ ಬಂದು ಹೇಳಬಹುದಲ್ಲ."

"ದಿನಾ ಹತ್ತಕ್ಕ ಅವ ಎಲ್ಲಿರ್ತಾನೋ, ಅವನ ಬದುಕೂ ಐತಿ. ಅವ ಬರೂ ತನಕ ನಾ ಕಾಯಬೇಕು, ಸಸಿ ಕಾಯಂಗಿಲ್ಲ." ಅವರು ಸೆರಗು ಎಳೆದುಕೊಂಡರು. "ಪಾಲಿಗಿ ಕೊಟ್ಟ ಮ್ಯಾಲ ನಾ ಇಲ್ಲಿ ಬಂದ್ರ ಬೀಗರ ಮನಿಗಿ ಬಂದಂಗ. ಕೂಡ್ರಿ ಅಂದ್ರ ಕುಂಡ್ರಬೇಕು. ಆದ್ರೇನ ಮಾಡೂದ್ರಿ, ನಾಡದ್ದ ಸಸಿ ಹಚ್ಚಬೇಕು. ಮೋಟರ ಸುಟ್ಟು ಸಸಿ ಒಣಗಿದ್ರ ಮಣ್ಣಿಗೂ ಪಾಪ, ನನಗೂ ಪಾಪ."

ಅವರ ದನಿಯಲ್ಲಿ ಅಳು ಇರಲಿಲ್ಲ. ಕಾಲಿನ ಬೆರಳುಗಳು ಮಾತ್ರ ಮಡಿಯ ಸಡಿಲ ಮಣ್ಣನ್ನು ಒಂದೇ ಸಮನೆ ಹುಡುಕುತ್ತಿದ್ದವು.

ನಾವು ಹಳ್ಳದ ಬಾವಿಗೆ ಹೋದೆವು. ಅಷ್ಟರಲ್ಲಿ ಬಾವಿಯಲ್ಲಿ ಮತ್ತೆ ನೀರು ಊರಿತ್ತು. ಹಿಂದೆಂದೋ ಎರಡು ಸಲ ಒಳಗಿನ ತಂತಿ ಹೊಸದಾಗಿ ಸುತ್ತಿಸಿದ ಹಳೆಯ ಮೋಟರು. ಅದು ಕರೆಂಟು ಎಳೆಯುವ ರೀತಿಯೇ ಬೇರೆ ಇತ್ತು, ಹಾಗಾಗಿ ಒಣ ಓಡಿದ್ದು ಡಬ್ಬಿಯ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಸುಜಯೀಂದ್ರ ಕರೆಂಟು ತೆಗೆಸಿ ಡಬ್ಬಿಯ ನಾಲ್ಕು ಸ್ಕ್ರೂ ಬಿಚ್ಚಿದರು. ಸಣ್ಣದು ಅವರಿಗೆ ಇನ್ನೂ ಸರಿಯಾಗಿ ಕಾಣುತ್ತಿರಲಿಲ್ಲ. ಬೆರಳಿನಿಂದಲೇ ತಂತಿ ಹುಡುಕಿ, ತಾವೇ ಅಷ್ಟು ಅಚ್ಚುಕಟ್ಟಾಗಿ ಹಾಕಿದ್ದ ಹೊದಿಕೆಯನ್ನು ಬ್ಲೇಡಿನಿಂದ ಸೀಳಿ ತೆಗೆದರು. ಆ ತಂತಿಯನ್ನು ಮೋಟರಿನ ವೈರಿನ ಪಕ್ಕಕ್ಕೆ ಎಳೆದು ಕಟ್ಟಿದರು. ಆಮೇಲೆ ಲ್ಯಾಪ್‌ಟಾಪನ್ನು ಬಾವಿಯ ಕಟ್ಟೆಯ ಮೇಲಿಟ್ಟು, ಫೋನು ತಾನೇ ಕಟ್ ಆಗುವ ಸಾಲನ್ನು ಅಳಿಸಿದರು. ಮೂವತ್ತೈದು ವರ್ಷ ಸದ್ದು ಕಡಿಮೆ ಮಾಡುವುದನ್ನೇ ಕಲಿತ, ಕಲಿಸಿದ ಮನುಷ್ಯ ಅದನ್ನು ಮರಳಿ ಒಳಗೆ ಕರೆದರು.

ಹೊಲಕ್ಕೆ ಹಿಂತಿರುಗುವ ಮೊದಲು ಅವರು ಮುತ್ತುರಾಜನನ್ನು ಬಾವಿಯ ಬಳಿಯೇ ನಿಲ್ಲಿಸಿದರು. "ನಿನ್ನ ಮನಸಿಗೆ ಬಂದಾಗ ಪೈಪಿನ ವಾಲ್ವು ಅರ್ಧ ತಿರುವು. ಯಾರಿಗೂ ಹೇಳಬ್ಯಾಡ."

ಹುಲಿಗೆವ್ವ ಫೋನು ಹಚ್ಚಿದರು. ಶುಭಾಬಾಯಿ ಎಂದಿನಂತೆ ಹೇಳಿದರು. ಈ ಸಲ ಫೋನು ಕಟ್ ಆಗಲಿಲ್ಲ. ಹುಲಿಗೆವ್ವ ಅದನ್ನು ಕಿವಿಗೆ ಒತ್ತಿ ಹಿಡಿದರು, ಕಣ್ಣು ಮುಚ್ಚಿದರು. ಕಾಣದ ಕಣ್ಣನ್ನು ಯಾಕೆ ಮುಚ್ಚುತ್ತಾರೆ ಎಂದು ನನಗೆ ಅನ್ನಿಸಿತು. ಬಿಸಿಲು ಹೊಲದ ಮೇಲೆ ಸುಮ್ಮನೆ ಹರಡಿತ್ತು. ದೂರದಲ್ಲಿ ಹೆದ್ದಾರಿಯ ಬಸ್ಸೊಂದು ಆಟಿಕೆಯ ಹಾಗೆ ಸರಿದುಹೋಯಿತು.

"ಬಂತ್ರಿ" ಅಂದರು ಹುಲಿಗೆವ್ವ. "ಮೆಲಕು ಹಾಕಾಕತ್ತೈತಿ."

ಇನ್ನೊಂದಿಷ್ಟು ಹೊತ್ತು ಕಳೆಯಿತು. ಅವರ ಹುಬ್ಬು ಗಂಟಿಕ್ಕಿತು.

"ಇದೇನ್ರಿ? ಯಾರೋ ಕುತ್ತಿಗಿ ಹಿಡದಂಗಾತು. ತೆಳ್ಳಗಾತು... ಹಾಂ, ಬಿಟ್ರು."

ನನ್ನ ಫೋನು ಬಡಿದುಕೊಂಡಿತು. ಆ ಕಡೆ ಮುತ್ತುರಾಜ. "ವಾಲ್ವು ತಿರುವಿ ಮತ್ತ ಬಿಟ್ನಿ. ದೊಡ್ಡವ್ವಗ ಗೊತ್ತಾತೇನ್ರಿ?"

"ಕುತ್ತಿಗೆ ಹಿಡಿದವರು ಯಾರು ಅಂತ ಕೇಳುತ್ತಿದ್ದಾರೆ" ಅಂದೆ.

ಹುಲಿಗೆವ್ವ ನನ್ನ ಕಡೆಗೆ ಕೈ ಚಾಚಿದರು. ಒಂದು ಕಿವಿಗೆ ಮೋಟರು, ಇನ್ನೊಂದಕ್ಕೆ ನನ್ನ ಫೋನು. "ಏ ಮುತ್ತು, ಬಾವ್ಯಾಗ ಆಟ ಆಡೂದು ಬಿಟ್ಟು ನಿಡಗುಂದಿಗಿ ಹೋಗಪಾ. ಸಸಿ ತೊಗೊಂಡು ಬಾ."

"ಮತ್ತ ಪಾಲಿನ ಮಾತು, ದೊಡ್ಡವ್ವ?"

"ಯಾವ ಪಾಲೋ? ಉಳ್ಳಾಗಡ್ಡಿ ಕಿತ್ತ ಮ್ಯಾಲ ನಿಮ್ಮವ್ವಗ ಒಂದ್ ಬುಟ್ಟಿ ಕಳಸ್ತೇನಿ, ಅದ ನಿನ್ನ ಪಾಲು."

ಅವನು ನಕ್ಕದ್ದು ನಮಗೂ ಕೇಳಿಸಿತು. ಆ ನಗುವಿನಲ್ಲಿ ಬೇಸರ ಇರಲಿಲ್ಲ.

ಸುಜಯೀಂದ್ರರು ಅಂಗಿಯ ಕಿಸೆಯಲ್ಲಿದ್ದ ಇಯರ್‌ಫೋನಿನ ಪುಟ್ಟ ಡಬ್ಬಿಯನ್ನು ಸುಮ್ಮನೆ ಮುಟ್ಟಿ ನೋಡಿಕೊಂಡರು. ಆಮೇಲೆ ಶಾಲೆಯ ಹುಡುಗ ಕೇಳುವ ಹಾಗೆ ಕೇಳಿದರು. "ಅವ್ವಾ, ನಾನೂ ಒಂದೀಟು ಕೇಳ್ಲೇನು?"

ಹುಲಿಗೆವ್ವ ಫೋನು ಕೊಟ್ಟರು. ಅವರು ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಹತ್ತು ವರ್ಷ ನಾಚಿಕೊಂಡಿದ್ದ ಆ ಸದ್ದನ್ನು ಮೊದಲ ಸಲ ಪೂರ್ತಿಯಾಗಿ ಕೇಳಿದರು. ಅವರ ತಲೆ ನಿಧಾನವಾಗಿ ತೂಗತೊಡಗಿತು. ದೂರದ ಬಾವಿಯೊಂದು ನೀರು ಕುಡಿಸುತ್ತಾ ತನ್ನಷ್ಟಕ್ಕೆ ಗುನುಗುತ್ತಿತ್ತು.

"ಉಳಿದ ಡಬ್ಬಿಗೋಳನ್ನೂ ಬಿಚ್ಚಬೇಕು" ಅಂದರು, ಯಾರಿಗೆ ಅಂತಲ್ಲದೆ. "ಬೇಕಂದವ್ರಿಗೆ ಕೇಳಿ ಬಿಚ್ಚಬೇಕು."

ಪೈಪಿನ ಬಾಯಲ್ಲಿ ಗಾಳಿ ಒಮ್ಮೆ ಕೆಮ್ಮಿತು. ಹುಲಿಗೆವ್ವ ಎದ್ದು ಸೀರೆ ಎತ್ತಿ ಕಟ್ಟಿ, ಕಾಲುವೆಯಲ್ಲಿ ಇಳಿದು ನಿಂತರು. ನೀರು ಬಂದು ಅವರ ಹಿಮ್ಮಡಿಯನ್ನು ಮುಟ್ಟಿತು.

"ಸಾಕ್ರಿ ಸಾಹೇಬ್ರ, ಕೊಡ್ರಿ ಇತ್ಲಾಗ" ಅಂದರು, ಕೈ ಚಾಚಿ. "ಮೊದಲನೇ ಮಡಿ ತುಂಬೂ ತನಕ ನಾ ಕೇಳಬೇಕು."